ಹನ್ನೆರಡು ಅಡಿ ಜಿಗಿದ ಕಾರು

ಕಾರಿನ ಮೂತಿಗೂ ಹಿಂಗೋಡೆಗೂ ನಡುವೆ ಒಂದು ಕಬ್ಬಿಣದ ಬೆಂಚು. ಬೆಂಚಿಗೂ ಕಾರಿಗೂ ನಡುವೆ ಗ್ಯಾರೇಜಿನ ಯಜಮಾನ. ಅಲ್ಲಿ ಮನುಷ್ಯ ನಿಲ್ಲುವಷ್ಟು ಜಾಗವಿರಲಿಲ್ಲ. ಒಂದು ಗೇಣು ಇದ್ದರೆ ಹೆಚ್ಚು.

ಬೆಳಗ್ಗೆ ಏಳೂವರೆಗೆ ಇನ್‌ಸ್ಪೆಕ್ಟರ್ ಮೇಡಂ ಅರ್ಧ ಎತ್ತಿದ್ದ ಶಟರ್ ಕೆಳಗೆ ತಲೆ ಬಗ್ಗಿಸಿ ಒಳಬಂದಾಗ ಬೆಂಚಿನ ಕಾಲಿನಿಂದ ರಕ್ತ ಇನ್ನೂ ತೊಟ್ಟಿಕ್ಕುತ್ತಿತ್ತು. ಸತ್ತವನು ಬೆನ್ನನ್ನು ಕಾರಿಗೆ ಕೊಟ್ಟು ಬೆಂಚಿನ ಮೇಲೆ ಕವುಚಿ ಬಿದ್ದಿದ್ದ. ಸೊಂಟದಿಂದ ಕೆಳಗೆ ಮೂಳೆ ಯಾವುದು, ಬಟ್ಟೆ ಯಾವುದು ಎಂದು ಹೇಳುವಂತಿರಲಿಲ್ಲ. ಬೆರಳುಗಳು ಮಾತ್ರ ಬೆಂಚಿನ ಅಂಚನ್ನು ಹಿಡಿದುಕೊಂಡೇ ಇದ್ದವು.

"ಏನು ಕಾರು ಇದು?" ಮೇಡಂ ಕೇಳಿದರು.

"ಮಕ್ಕಳನ್ನ ಶಾಲೆಗೆ ಬಿಡೋ ಕಾರಿನ ಹಾಗಿದೆ ಮೇಡಂ," ಎಂದ ಕಾನ್‌ಸ್ಟೆಬಲ್. ಅವನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. "ಆದ್ರೆ ಒಳಗೆ ಎಂಜಿನ್ನೇ ಇಲ್ಲ. ಹಿಂದಿನ ಸೀಟೂ ಇಲ್ಲ."

ಹೊರಗಿನಿಂದ ನೋಡಿದರೆ ಬೂದು ಬಣ್ಣದ, ನಾಲ್ಕು ಬಾಗಿಲಿನ, ಹತ್ತಾರು ವರ್ಷ ಸಂಸಾರ ಹೊತ್ತು ಸವೆದ ಕಾರು. ಒಳಗೆ ಎಂಜಿನ್ ಇದ್ದ ಜಾಗದಲ್ಲಿ ವಿದ್ಯುತ್ ಮೋಟರು, ಹಿಂದಿನ ಸೀಟಿನ ಜಾಗದಲ್ಲಿ ಬ್ಯಾಟರಿಯ ಉಕ್ಕಿನ ಪೆಟ್ಟಿಗೆ, ಚಾಲಕನ ಸುತ್ತ ಕಬ್ಬಿಣದ ಕೊಳವೆಗಳ ಪಂಜರ. ಭಾನುವಾರ ಕಾಲು ಮೈಲಿ ನೇರ ದಾರಿಯ ಡ್ರ್ಯಾಗ್ ರೇಸಿನಲ್ಲಿ ಓಡಬೇಕಿತ್ತು. ಓಡಿದ್ದು ಹನ್ನೆರಡು ಅಡಿ. ನೆಲದ ಮೇಲೆ ಟೈರು ಸುಟ್ಟ ಎರಡು ಕಪ್ಪು ಪಟ್ಟೆಗಳನ್ನು ಮೀಸೆ ಅಳೆದು ಹೇಳಿದ.

ಮೇಡಂಗೆ ಕಾರಿನ ವಿಷಯ ಗೊತ್ತಿದ್ದದ್ದು ಬಾಗಿಲು ತೆಗೆಯುವುದು, ಬಾಗಿಲು ಹಾಕುವುದು. ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ. ಠಾಣೆಯಲ್ಲಿ ಬೆನ್ನ ಹಿಂದೆ ಅವರಿಗೆ 'ಸುತ್ತಿಗೆ' ಎಂದು ಹೆಸರು. ಒಂದೇ ಪ್ರಶ್ನೆಯನ್ನು ಮೊಳೆ ಇಳಿಯುವವರೆಗೂ ಬಡಿಯುತ್ತಿದ್ದರು.

"ಮೊದಲು ನೋಡಿದ್ದು ಯಾರು?"

"ನಾನು."

ಮುಂದೆ ಬಂದವನು ತೆಳ್ಳಗಿನ, ಕನ್ನಡಕದ ಮನುಷ್ಯ. ಅಂಗಿ ಶುಭ್ರ, ಮಾತು ಇನ್ನೂ ಶುಭ್ರ. ಹಿಂದೆ ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದನಂತೆ. ಬ್ಯಾಟರಿ ಕಟ್ಟಿದವನು, ಮೋಟರಿಗೆ ಲೆಕ್ಕ ಹಾಕಿದವನು ಅವನೇ. ಗ್ಯಾರೇಜಿನವರೆಲ್ಲ ಮೇಷ್ಟ್ರು ಎನ್ನುತ್ತಿದ್ದರು.

"ಎಷ್ಟು ಹೊತ್ತಿಗೆ ಬಂದ್ರಿ?"

"ಸರಿಯಾಗಿ ಏಳು ಗಂಟೆಗೆ. ಶಟರ್ ಎತ್ತಿದೆ. ಇದನ್ನ ನೋಡಿದೆ. ಒಂದು ಕ್ಷಣ ಕೈಕಾಲು ಆಡಲಿಲ್ಲ."

"ಆಮೇಲೆ?"

"ಪ್ಲಗ್ ಎಳೆದೆ. ಕಾರಿನಲ್ಲಿ ನಾನೂರು ವೋಲ್ಟ್ ಇದೆ ಮೇಡಂ. ನುಜ್ಜುಗುಜ್ಜಾದ ಕಾರನ್ನ ಹಾಗೇ ಮುಟ್ಟಿದ್ರೆ ಎರಡನೇ ಹೆಣ ಬೀಳುತ್ತೆ. ಚಾಲಕನ ಸೀಟಿನ ಹಿಂದೆ ಈ ಪ್ಲಗ್ ಇರುತ್ತೆ. ಎಳೆದರೆ ಬ್ಯಾಟರಿಗೂ ಮೋಟರಿಗೂ ಸಂಬಂಧ ಕಡಿದು ಹೋಗುತ್ತೆ."

ಕಿತ್ತಳೆ ಬಣ್ಣದ, ಅಂಗೈ ಅಗಲದ, ಹಿಡಿಯುಳ್ಳ ಪ್ಲಗ್ಗನ್ನು ಅವನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದ. ಮೀಸೆ ಅದನ್ನು ಚೀಲಕ್ಕೆ ಹಾಕಿದ.

"ಕಾರು ತಾನಾಗೇ ನುಗ್ಗಬಹುದಾ?"

"ಸಾಧ್ಯವೇ ಇಲ್ಲ. ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು." ಮೇಷ್ಟ್ರು ದನಿ ತಗ್ಗಿಸಿದ. "ಹೇಳೋಕೆ ಸಂಕಟ ಆಗುತ್ತೆ. ಓಟದಲ್ಲಿ ಕೂರಬೇಕಿದ್ದದ್ದು ಯಜಮಾನರ ತಂಗಿ, ಆ ಪಂಜರ ಅವಳ ಅಳತೆಗೆ ಕಟ್ಟಿದ್ದು. ನಾನು, ನೀವು ಅದರೊಳಗೆ ತೂರೋಕೂ ಆಗಲ್ಲ."

ಅತಿ ವಿನಯ ಧೂರ್ತ ಲಕ್ಷಣ ಎಂದು ಮೇಡಂ ಮನಸ್ಸಿನಲ್ಲೇ ಅಂದುಕೊಂಡರು. ಆದರೆ ಅದು ಸಾಕ್ಷಿಯಲ್ಲ, ಗಾದೆ.

ಅಷ್ಟರಲ್ಲಿ ಶಟರ್ ಕೆಳಗಿನಿಂದ ಒಬ್ಬ ಹುಡುಗಿ ನುಗ್ಗಿದಳು. ಕುಳ್ಳು, ಓಟದ ಬೂಟು, ಬೆವರಿನಲ್ಲಿ ತೊಯ್ದ ಅಂಗಿ. ಪುಟ್ಟಿ ಎಂದು ಯಾರೋ ಕೂಗಿದರು, ತಡೆಯಲು ಹೋದ ಮೀಸೆಯ ಕೈ ಕಚ್ಚಿ ಅವಳು ಅಣ್ಣನ ಮೇಲೆ ಬಿದ್ದಳು. ಎರಡೂ ತೋಳಿನಿಂದ ಹಿಡಿದು ಎಳೆದಳು. ಹೆಣ ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಎಳೆದಳು, ಒಳಗೆ ಏನೋ ಹರಿದ ಸದ್ದಾಯಿತು. ಮೂವರು ಸೇರಿ ಅವಳನ್ನು ಬಿಡಿಸುವ ಹೊತ್ತಿಗೆ ಮೊಣಕೈವರೆಗೂ ರಕ್ತವಾಗಿತ್ತು.

"ನಾನೇ ಕೊಂದೆ," ಎಂದು ಅರಚಿದಳು. "ಸಾಯಿ ಅಂದಿದ್ದೆ. ನಾನೇ ಅಂದಿದ್ದೆ!"

ಬೀದಿಯ ಅರ್ಧ ಜನ ಅದನ್ನು ಕೇಳಿಸಿಕೊಂಡರು.

ಪಕ್ಕದ ಶೆಡ್ಡಿನಲ್ಲಿ ಕೆಲಸ ಮಾಡುವ ವೆಲ್ಡರ್ ಈ ಅಣ್ಣ ತಂಗಿಯ ದೊಡ್ಡಕ್ಕನ ಗಂಡ. ಪಂಜರ ಕಟ್ಟಿದವನು. ಬಾಗಿಲು ತುಂಬುವ ಆಳು, ಆದರೆ ಅಂದು ಸ್ಟೂಲಿನ ಮೇಲೆ ಕೂತು ಮಗುವಿನ ಹಾಗೆ ಅಳುತ್ತಿದ್ದ.

"ನಿನ್ನೆ ಏನು ಜಗಳ?"

"ಅಣ್ಣ ತಂಗಿ ಜಗಳ ಮೇಡಂ. ಭಾನುವಾರ ನೀನು ಕೂರಲ್ಲ ಅಂದ. ಯಾಕೆ ಅಂದ್ಲು. ಕಾರಣ ಕೇಳ್ಬೇಡ ಅಂದ. ವರ್ಷದಿಂದ ಹಗಲೂ ರಾತ್ರಿ ಅದೇ ಕನಸು ಅವಳಿಗೆ. ಸ್ಪ್ಯಾನರ್ ಎಸೆದ್ಲು, ಅವನ ಹುಬ್ಬು ಒಡೀತು. ಅವನು ಕೆನ್ನೆಗೆ ಬಾರಿಸ್ದ. ಸತ್ತು ಹೋಗು ಅಂದ್ಲು."

"ಹಾಗೆ ಹೊಡೆದಾಡೋದು ಮಾಮೂಲಾ?"

"ಮಾತಲ್ಲೇ ಹೊಡೀತಿದ್ರು. ಕೈ ಎತ್ತಿದ್ದು ನಿನ್ನೇನೇ ಮೊದಲು."

"ಬೆಳಗ್ಗೆ ನೀವೆಲ್ಲಿದ್ರಿ?"

"ಶೆಡ್ಡಲ್ಲಿ, ಗ್ರೈಂಡರ್ ಹಿಡಿದು. ಕಿವಿಗೆ ಮುಚ್ಚಳ ಹಾಕಿರ್ತೀನಿ. ಮೇಷ್ಟ್ರು ಬಂದು ಭುಜ ಅಲ್ಲಾಡಿಸಿದಾಗ್ಲೇ ಗೊತ್ತಾಗಿದ್ದು. ಇಬ್ರೂ ಸೇರಿ ಕಾರು ಹಿಂದಕ್ಕೆ ತಳ್ಳೋಕೆ ನೋಡಿದ್ವಿ. ಚಕ್ರ ಮಡಚಿ ಹೋಗಿತ್ತು, ಇಂಚೂ ಕದಲಲಿಲ್ಲ."

"ಮೇಷ್ಟ್ರ ಮೇಲೆ ನಂಬಿಕೆ ಇದೆಯಾ?"

ವೆಲ್ಡರ್ ಮೂಗು ಒರೆಸಿಕೊಂಡ. "ದೇವರಂಥ ಮನುಷ್ಯ. ಪಾಪ, ಕೈಗುಣ ಸರಿ ಇಲ್ಲ. ಎರಡು ವರ್ಷದ ಹಿಂದೆ ಅವರು ಬ್ಯಾಟರಿ ಕಟ್ಟಿದ ಇನ್ನೊಂದು ಕಾರು ಓಟದ ಮಧ್ಯೆ ಹೊತ್ತಿಕೊಳ್ತು. ಓಡಿಸ್ತಿದ್ದ ಹುಡುಗ ಬೆಲ್ಟ್ ಬಿಚ್ಚೋಕಾಗ್ದೆ ಸೀಟಲ್ಲೇ ಬೆಂದು ಹೋದ. ಆವತ್ತೂ ಮೇಷ್ಟ್ರೇ ಬೆಂಕಿಗೆ ಕೈ ಹಾಕಿ ಪ್ಲಗ್ ಎಳೆದಿದ್ದು. ಹುಡುಗನದೇ ತಪ್ಪು ಅಂತ ತೀರ್ಮಾನ ಆಯ್ತು."

ಹನ್ನೊಂದು ಗಂಟೆಗೆ ಮೇಲಧಿಕಾರಿಯ ಫೋನು ಬಂತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಜಾತಿ.

"ನೂರು ಜನರ ಎದುರಿಗೆ ಒಪ್ಪಿಕೊಂಡಿದ್ದಾಳಲ್ಲಮ್ಮ. ಇನ್ನೇನು ಕಾಯ್ತಿದೀರಿ?"

"ಅದು ತಪ್ಪೊಪ್ಪಿಗೆ ಅಲ್ಲ ಸಾರ್. ಗೋಳಾಟ."

"ಪಂಜರ ಅವಳ ಅಳತೆಗಿದೆ. ಏಳಕ್ಕೆ ಮೊದಲು ಎಲ್ಲಿದ್ದೆ ಅಂದ್ರೆ ಒಬ್ಬಳೇ ಓಡೋಕೆ ಹೋಗಿದ್ದೆ ಅಂತಾಳೆ. ನೋಡಿದವರು ಇಲ್ಲ. ಸಂಜೆ ಐದಕ್ಕೆ ಅವಳು ಜೈಲಿನ ವ್ಯಾನ್ ಹತ್ತಬೇಕು."

ಹತ್ತಿದರೆ ಇಳಿಯುವುದು ಹದಿನೈದು ವರ್ಷದ ಮೇಲೆ. ಮೇಡಂ ಫೋನಿಟ್ಟು ಹಲ್ಲು ಕಡಿದರು. ಹುಡುಗಿಗೆ ಇಪ್ಪತ್ತೆರಡು ವರ್ಷ. ಅವಳು ಮಾಡಿಲ್ಲ ಎಂದು ಹೇಳಲು ಅವರ ಬಳಿ ಒಂದು ಹಿಡಿ ಕಾರಣವೂ ಇರಲಿಲ್ಲ. ಮಾಡಿದವಳು ಹೆಣವನ್ನು ಹಾಗೆ ಎಳೆಯುವುದಿಲ್ಲ ಎಂಬುದಷ್ಟೇ.

ಮಧ್ಯಾಹ್ನ ಶವಾಗಾರದಿಂದ ಸತ್ತವನ ವಸ್ತುಗಳು ಬಂದವು. ಮೀಸೆ ಪಟ್ಟಿ ಓದಿದ.

"ಒಡೆದ ಕೈಗಡಿಯಾರ, ಆರು ಐವತ್ತಕ್ಕೆ ನಿಂತಿದೆ. ಒಂದು ಪೆನ್ಸಿಲ್. ಎರಡು ಸ್ಕ್ರೂ. ಒಂದು ಕರವಸ್ತ್ರ. ಎದೆ ಜೇಬಿನಲ್ಲಿ ಪ್ಲಾಸ್ಟಿಕ್ ಚೂರು, ಕಾರಿನದು."

"ಕಾರಿನದು ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಮೇಡಂ. ನಾನೇ ಬರ್ದೆ. ಕಾರು ಪುಡಿಪುಡಿ ಆಗಿತ್ತಲ್ಲ, ಸಿಡಿದು ಒಳಗೆ ಹೋಗಿರುತ್ತೆ."

"ಅಂಗಿ ತೋರ್ಸು."

ರಕ್ತ ಒಣಗಿ ಹಲಗೆಯಂತಾಗಿದ್ದ ಅಂಗಿಯನ್ನು ಮೀಸೆ ಮೇಜಿನ ಮೇಲೆ ಬಿಡಿಸಿದ. ಮೇಡಂ ಎದೆಯ ಜೇಬನ್ನು ಬಹಳ ಹೊತ್ತು ನೋಡಿದರು. ಮುಚ್ಚಳವಿದ್ದ ಜೇಬು. ಶವಾಗಾರದವರು ಅದನ್ನು ಕೆಳಗಿನಿಂದ ಕತ್ತರಿಸಿದ್ದರು.

"ಚೂರು ಎಲ್ಲಿ? ಕೊಡು ಇಲ್ಲಿ. ಪುಟ್ಟಿನ ಕರ್ಕೊಂಡು ಬಾ."

ಪುಟ್ಟಿ ಗೋಡೆ ಹಿಡಿದು ಬಂದಳು. ಕೆನ್ನೆಯ ಮೇಲೆ ಅಣ್ಣನ ಬೆರಳ ಗುರುತು ಇನ್ನೂ ಇತ್ತು.

"ಕೂತ್ಕೋ. ಅಳೋದಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿದೆ. ಕಾರಿನ ಮುಂದೆ ಬೆಂಚಲ್ಲಿ ಕೆಲಸ ಮಾಡೋ ಮೊದಲು ನಿಮ್ಮಣ್ಣ ಏನು ಮಾಡ್ತಿದ್ದ?"

"ಪ್ಲಗ್ ಎಳೀತಿದ್ದ."

"ಎಳೆದು?"

"ಜೇಬಲ್ಲಿ ಇಟ್ಕೊಳ್ತಿದ್ದ. ನಾವೆಲ್ಲರೂ ಹಾಗೇನೇ. ಕೆಲಸ ಮಾಡೋರ ಜೇಬಲ್ಲೇ ಇರಬೇಕು, ಇನ್ನೊಬ್ಬರ ಕೈಗೆ ಕೊಡಬಾರದು. ನಿನ್ನ ಪ್ರಾಣ ನಿನ್ನ ಜೇಬಲ್ಲಿ ಅಂತ ಮೇಷ್ಟ್ರು ಮೊದಲನೇ ದಿನಾನೇ ಹೇಳ್ಕೊಟ್ಟಿದ್ರು."

"ಒಂದು ಕಾರಿಗೆ ಎಷ್ಟು ಪ್ಲಗ್?"

"ಒಂದೇ. ಎರಡಿದ್ರೆ ಅದು ನಿಯಮಾನೇ ಅಲ್ಲ."

"ಸೀಟಲ್ಲಿ ಯಾರೂ ಇಲ್ಲದೆ ಚಕ್ರ ತಿರುಗುತ್ತಾ?"

ಪುಟ್ಟಿ ತಲೆ ಎತ್ತಿದಳು. "ತಿರುಗುತ್ತೆ. ಕಾರನ್ನ ಜಾಕ್ ಮೇಲೆ ಎತ್ತಿ ಪರೀಕ್ಷೆ ಮಾಡುವಾಗ ಲ್ಯಾಪ್‌ಟಾಪಿಂದ ತಿರುಗಿಸ್ತಾರೆ. ಸ್ಟಿಯರಿಂಗ್ ಕೆಳಗೆ ಕೇಬಲ್ ಹಾಕಿ."

"ಯಾರು?"

"ಮೇಷ್ಟ್ರು. ನಮಗೆ ಯಾರಿಗೂ ಬರಲ್ಲ. ಯಾಕೆ ಮೇಡಂ?"

ಮೇಡಂ ಆಗಲೇ ಎದ್ದಿದ್ದರು.

ಮೂರೂವರೆಗೆ ಗ್ಯಾರೇಜಿನಲ್ಲಿ ಮತ್ತೆ ಎಲ್ಲರೂ ಸೇರಿದರು. ಹೆಣ ಇರಲಿಲ್ಲ, ಕಾರನ್ನು ಕ್ರೇನ್ ಹಿಂದಕ್ಕೆಳೆದಿತ್ತು. ಬೆಂಚು ನಡುವೆ ಮಡಚಿಕೊಂಡು ಗೋಡೆಗೆ ಅಂಟಿತ್ತು. ಮೇಷ್ಟ್ರು ಲ್ಯಾಪ್‌ಟಾಪ್ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ವೆಲ್ಡರ್ ದೂರದಲ್ಲಿ, ಪುಟ್ಟಿ ಇಬ್ಬರು ಮಹಿಳಾ ಪೊಲೀಸರ ನಡುವೆ.

"ಮೇಷ್ಟ್ರೇ, ನಿಮ್ಮ ಹತ್ರಾನೇ ಪಾಠ ಕಲಿಯೋಣ ಅಂತ ಬಂದೆ," ಮೇಡಂ ಹೇಳಿದರು. "ಈ ಕಾರಿಗೆ ಪ್ಲಗ್ ಎಷ್ಟು?"

"ಒಂದು."

"ಅದು ನೀವು ಬೆಳಗ್ಗೆ ಎಳೆದು ನಮಗೆ ಕೊಟ್ಟಿದ್ದು?"

"ಹೌದು."

"ಯಾವುದೇ ಅನುಮಾನ ಇಲ್ಲ?"

"ಮೇಡಂ, ಆ ಪ್ಲಗ್ಗನ್ನ ಸಾವಿರ ಸಲ ಹಿಡಿದಿದ್ದೀನಿ."

"ಹಾಗಾದ್ರೆ ಇದು ಏನು?"

ಅವರು ಅಂಗೈ ಬಿಚ್ಚಿದರು. ರಕ್ತ ಮೆತ್ತಿ ಕಪ್ಪಗಾದ ಕಿತ್ತಳೆ ಪ್ಲಾಸ್ಟಿಕ್, ಅರ್ಧ ಹಿಡಿ, ತಿರುಚಿದ ತಾಮ್ರದ ತುಂಡು. ಪುಟ್ಟಿಯ ಬಾಯಿಂದ ಒಂದು ಸದ್ದು ಬಂತು, ಮಾತಲ್ಲ.

"ಕಾರಿನ ಯಾವುದೋ ಚೂರು," ಎಂದ ಮೇಷ್ಟ್ರು.

"ನಮ್ಮ ಮೀಸೆನೂ ಹಾಗೇ ಬರೆದ. ಕಾರಿನ ಚೂರು ಸಿಡಿದು ಎಲ್ಲಿ ಬೇಕಾದ್ರೂ ಹೋಗುತ್ತೆ. ಆದ್ರೆ ಜೇಬಿನ ಗುಂಡಿ ಬಿಚ್ಚಿ ಒಳಗೆ ಹೋಗಿ, ಮತ್ತೆ ಗುಂಡಿ ಹಾಕ್ಕೊಂಡು ಕೂರೋ ಚೂರನ್ನ ನಾನು ಕಂಡಿಲ್ಲ." ಮೇಡಂ ದನಿ ಏರಿತು. "ಆ ಜೇಬಿನ ಗುಂಡಿ ಹಾಕಿತ್ತು, ಮೇಷ್ಟ್ರೇ! ಯಜಮಾನ ನಿಯಮ ಮುರಿದಿರಲಿಲ್ಲ. ಪ್ಲಗ್ ಎಳೆದು, ಜೇಬಿಗೆ ಹಾಕಿ, ಗುಂಡಿ ಹಾಕಿ, ಕಾರಿಗೆ ಬೆನ್ನು ಕೊಟ್ಟು ನಿಂತಿದ್ದ. ಸತ್ತ ಕಾರು ಅಂತ ನಂಬಿದ್ದ. ಅದಕ್ಕೆ ಜೀವ ಬರಬೇಕಾದ್ರೆ ಇನ್ನೊಂದು ಪ್ಲಗ್ ಬೇಕು. ಆ ಇನ್ನೊಂದು ಪ್ಲಗ್ ನಿಮ್ಮ ಕೈಯಲ್ಲಿತ್ತು."

"ಅವನೇ ಎರಡನೇದು ತರಿಸಿರಬೇಕು. ಸಾಕೆಟ್ಟಲ್ಲಿ ಇದ್ದದ್ದನ್ನ ನಾನು ಎಳೆದೆ, ಅಷ್ಟೇ. ಹಾಕಿದವಳು—" ಅವನು ಪುಟ್ಟಿಯ ಕಡೆ ಬೆರಳು ತೋರಿಸಿದ.

"ಈಗ ತಾನೇ ಒಂದೇ ಅಂದ್ರಿ. ಇರಲಿ." ಮೇಡಂ ಚೀಲದಿಂದ ಮೊದಲನೇ ಪ್ಲಗ್ ತೆಗೆದು ತಲೆಕೆಳಗು ಮಾಡಿದರು. ಹಿಡಿಯ ಅಡಿಯಲ್ಲಿ ಪ್ಲಾಸ್ಟಿಕ್ ಕರಗಿ ಗುಳ್ಳೆ ಎದ್ದಿತ್ತು, ಮಸಿ ಹಿಡಿದಿತ್ತು. "ಇದು ಬೆಂಕಿಯಲ್ಲಿ ಬೆಂದ ಪ್ಲಗ್. ಈ ಕಾರು ಯಾವತ್ತಾದ್ರೂ ಹೊತ್ತಿ ಉರಿದಿತ್ತಾ?"

ವೆಲ್ಡರ್ ಸ್ಟೂಲಿನಿಂದ ಮೆಲ್ಲಗೆ ಎದ್ದ.

"ಇನ್ನೊಂದು ಕಾರು ಉರಿದಿತ್ತು. ಒಬ್ಬ ಹುಡುಗ ಅದರಲ್ಲಿ ಬೆಂದ. ಆ ದಿನವೂ ಪ್ಲಗ್ ಎಳೆದ ಶೂರ ನೀವೇ. ಎಳೆದದ್ದು ನಿಮ್ಮ ಹತ್ರಾನೇ ಉಳೀತು. ಅದೇ ಅಳತೆ, ಈ ಕಾರಿಗೂ ಕೂರುತ್ತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮೇಷ್ಟ್ರ ಕೈ ಹೆಗಲ ಮೇಲಿನ ಲ್ಯಾಪ್‌ಟಾಪ್ ಚೀಲಕ್ಕೆ ಹೋಯಿತು.

"ತೆಗೀರಿ, ಅದನ್ನೂ ನೋಡೋಣ. ಸ್ಟಿಯರಿಂಗ್ ಕೆಳಗೆ ಕೇಬಲ್ಲಿನ ತುದಿ ಮುರಿದು ಸಿಕ್ಕಿಕೊಂಡಿದೆ. ಉಳಿದ ತುಂಡು ನಿಮ್ಮ ಚೀಲದಲ್ಲಿರುತ್ತೆ. ಮೋಟರಿಗೆ ಎಷ್ಟು ಶಕ್ತಿ ಅಂತ ಲೆಕ್ಕ ಹಾಕಿದ್ರಿ. ಕಾರು ಎಷ್ಟು ದೂರ ಹಾರುತ್ತೆ, ಕೇಬಲ್ ಎಷ್ಟು ಉದ್ದ ಅಂತ ಲೆಕ್ಕ ಹಾಕ್ಲಿಲ್ಲ. ಜೇಬಿಂದ ಮೊದಲನೇ ಪ್ಲಗ್ ತೆಗೆಯೋಣ ಅಂದ್ರೆ ಹೆಣ ಅದರ ಮೇಲೇ ಕವುಚಿಕೊಂಡಿತ್ತು. ವೆಲ್ಡರನ್ನ ಕರ್ಕೊಂಡು ಬಂದು ಕಾರು ತಳ್ಳೋಕೆ ನೋಡಿದ್ದು ಯಜಮಾನನ್ನ ಉಳಿಸೋಕಲ್ಲ. ಜೇಬಿಗೆ ಕೈ ಹಾಕೋಕೆ."

"ಯಾಕೆ?" ವೆಲ್ಡರ್ ದನಿ ಒಡೆಯಿತು. "ಅವನೇನು ಮಾಡಿದ್ದ ನಿಮಗೆ?"

ಮೇಡಂ ಕಾರಿನ ಹಿಂಭಾಗ ತೋರಿಸಿದರು. ಉಕ್ಕಿನ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. "ಮಧ್ಯಾಹ್ನ ತಿಳಿದವರ ಕೈಲಿ ಬಿಚ್ಚಿಸಿದೆ. ಹೊಸ ಕವಚ, ಒಳಗೆಲ್ಲ ಉಬ್ಬಿದ ಹಳೇ ಬ್ಯಾಟರಿಗಳು. ಹೊಸದು ಅಂತ ಹೇಳಿ ಹಳೇದು ತುಂಬಿದ್ರಿ, ಆ ಹುಡುಗನ ಕಾರಲ್ಲೂ ಇದನ್ನೇ ಮಾಡಿದ್ರಿ. ಒಂದು ಜೋಡಿಯಲ್ಲಿ ಒಂದು ಕಡಿಮೆ ಇದೆ, ಜೊತೆಯದು ಇದ್ರೆ ಕಾರು ಓಡುತ್ತಂತೆ. ಅದು ಬೆಂಚಿನ ಮೇಲೆ, ಯಜಮಾನನ ಎದೆ ಕೆಳಗೆ ಅಪ್ಪಚ್ಚಿಯಾಗಿ ಸಿಕ್ತು. ಇವತ್ತು ಬೆಳಗ್ಗೆ ಅವನು ಅದನ್ನ ಬಿಚ್ಚಿ ನೋಡಿದ್ದ. ಆರು ಗಂಟೆಗೆ ನಿಮಗೆ ಫೋನ್ ಮಾಡಿದ್ದ, ಫೋನ್ ಕಂಪನಿಯವರು ದಾಖಲೆ ಕೊಟ್ರು. ನೀವು ಬಂದದ್ದು ಏಳಕ್ಕಲ್ಲ."

ಚೀಲ ನೆಲಕ್ಕೆ ಬಿತ್ತು. ಅದರ ಜೊತೆಗೇ ಮೇಷ್ಟ್ರ ವಿನಯವೂ ಬಿತ್ತು. ಪಕ್ಕದಲ್ಲಿದ್ದ ಎರಡಡಿ ಉದ್ದದ ವೀಲ್ ಸ್ಪ್ಯಾನರನ್ನು ಅವನು ಎತ್ತಿದ್ದು ಯಾರಿಗೂ ಕಾಣಲಿಲ್ಲ, ಮೀಸೆಯ ದವಡೆಗೆ ಅಪ್ಪಳಿಸಿದ್ದು ಎಲ್ಲರಿಗೂ ಕೇಳಿಸಿತು. ಮೀಸೆ ಹಲ್ಲು ಉಗುಳುತ್ತ ಕುಸಿದ. ಎರಡನೇ ಏಟು ಮೇಡಂ ತಲೆಗೆ ಬಂತು. ಅವರು ಬಗ್ಗಿದರು, ಅದು ಹೆಗಲಿಗೆ ತಾಗಿ ಮೂಳೆ ಕಟ್ಟೆಂದಿತು. ಮೂರನೆಯದಕ್ಕೆ ಅವನು ಕೈ ಎತ್ತುವಷ್ಟರಲ್ಲಿ ವೆಲ್ಡರ್ ಬಂದಿದ್ದ.

ವೆಲ್ಡರ್ ಮೇಷ್ಟ್ರ ಮಣಿಕಟ್ಟು ಹಿಡಿದು ಕಾರಿನ ಬಾಗಿಲಿನ ಸಂದಿಗಿಟ್ಟು ಬಾಗಿಲು ಬಡಿದ. ಒಂದು ಸಲ. ಇನ್ನೊಂದು ಸಲ. ಸ್ಪ್ಯಾನರ್ ಬಿದ್ದ ಮೇಲೂ ಬಡಿದ. ಕನ್ನಡಕ ಒಡೆದು ಮೇಷ್ಟ್ರ ಕೆನ್ನೆಗೆ ಚುಚ್ಚಿತ್ತು.

"ಬಿಡಿ," ಎಂದರು ಮೇಡಂ. ಅವನು ಬಿಡಲಿಲ್ಲ. "ಭಾವ, ಬಿಡಿ," ಎಂದಳು ಪುಟ್ಟಿ. ಆಗ ಬಿಟ್ಟ.

ಮೇಷ್ಟ್ರು ನೆಲದ ಮೇಲೆ ಕೂತು, ಮುರಿದ ಮಣಿಕಟ್ಟನ್ನು ಹೊಟ್ಟೆಗೆ ಒತ್ತಿಕೊಂಡು, ಕೂಗಾಡಿದ. "ಎಲ್ಲರಿಗೂ ಹೇಳ್ತೀನಿ ಅಂದ! ಸತ್ತ ಹುಡುಗನ ತಾಯಿ ಹತ್ರ ಹೋಗಿ ಹೇಳ್ತೀನಿ ಅಂದ! ನನ್ನ ತಂಗಿ ಬೆನ್ನ ಹಿಂದೆ ಈ ಕಸ ಇಟ್ಟಿದ್ದೀಯಾ ಅಂತ ಕೊರಳಪಟ್ಟಿ ಹಿಡಿದ. ಆಮೇಲೆ ನನಗೆ ಬೆನ್ನು ತಿರುಗಿಸಿದ. ಬೆನ್ನು! ನಾನು ಮನುಷ್ಯನೇ ಅಲ್ಲ ಅನ್ನೋ ಹಾಗೆ."

"ಯಜಮಾನನನ್ನು ಕೊಂದದ್ದು ನೀವು," ಮೇಡಂ ಒಂದು ಕೈಯಲ್ಲಿ ಹೆಗಲು ಹಿಡಿದುಕೊಂಡು ಹೇಳಿದರು. "ಆ ಹುಡುಗನನ್ನು ಕೊಂದದ್ದೂ ನೀವೇ. ಎರಡಕ್ಕೂ ಸೇರಿಸಿ ಬರೀತೀನಿ. ಎಳ್ಕೊಂಡು ಹೋಗಿ ಇವನನ್ನ."

ಐದು ಗಂಟೆಗೆ ಬಂದ ಜೈಲಿನ ವ್ಯಾನು ಮೇಷ್ಟ್ರನ್ನು ಹತ್ತಿಸಿಕೊಂಡು ಹೋಯಿತು. ಮೀಸೆ ಆಸ್ಪತ್ರೆಗೆ ಹೋದ, ದವಡೆಗೆ ತಂತಿ ಕಟ್ಟಬೇಕಂತೆ. ಮೇಡಂ ಹೆಗಲನ್ನು ಯಾರೋ ಬಟ್ಟೆಯಿಂದ ಬಿಗಿದರು. ಪುಟ್ಟಿಗೆ ಮನೆಗೆ ಹೋಗಬಹುದು ಎಂದು ಹೇಳಿದ್ದರೂ ಅವಳು ಪಂಜರದ ಕೊಳವೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಸೀಟಿನ ಹಿಂದೆ, ಒಂದು ತೆಳು ತಗಡಿನ ಆಚೆ, ಉಬ್ಬಿದ ಬ್ಯಾಟರಿಗಳ ಸಾಲು ಕಾಣುತ್ತಿತ್ತು.

"ಅಣ್ಣಂಗೆ ನಿನ್ನೇನೇ ಗೊತ್ತಿತ್ತಾ ಮೇಡಂ?"

"ಅನುಮಾನ ಇತ್ತು. ಖಾತ್ರಿ ಮಾಡ್ಕೊಳ್ಳೋಕೇ ಬೆಳಗ್ಗೆ ಬೇಗ ಬಂದಿದ್ದು."

"ಅದಕ್ಕೇ ಕೂರಬೇಡ ಅಂದ."

"ಹೂಂ."

ಪುಟ್ಟಿಗೆ ಸಿಟ್ಟು ಬಂತು. ಸತ್ತವನ ಮೇಲೆ, ಜೀವಂತ ಇರುವವನ ಮೇಲೆ ಬರುವಂಥದೇ ಸಿಟ್ಟು.

"ಬಾಯಿಬಿಟ್ಟು ಹೇಳಬಹುದಿತ್ತಲ್ಲ! ಅನುಮಾನ ಇದೆ ಕಣೇ ಅಂತ ಒಂದು ಮಾತು. ಹೊಡೆಯೋ ಬದಲು ಒಂದೇ ಒಂದು ಮಾತು ಹೇಳಬಹುದಿತ್ತಲ್ಲ ಮೇಡಂ?"

ಮೇಡಂಗೆ ಸಮಾಧಾನ ಹೇಳಿ ಅಭ್ಯಾಸವಿರಲಿಲ್ಲ. ಅಭ್ಯಾಸವಿದ್ದದ್ದು ಪ್ರಶ್ನೆ ಕೇಳುವುದು.

"ಹೇಳಿದ್ರೆ ಭಾನುವಾರ ನೀನು ಕೂರದೇ ಇರ್ತಿದ್ಯಾ?"

ಪುಟ್ಟಿ ಸೀಟನ್ನು ನೋಡಿದಳು. ಸುಳ್ಳು ಹೇಳಲು ಒಮ್ಮೆ ಬಾಯಿ ತೆರೆದಳು, ಆಗಲಿಲ್ಲ.

"ಕೂರ್ತಿದ್ದೆ," ಎಂದಳು. "ಅವನಿಗೆ ಗೊತ್ತಿತ್ತು."

ಹೇಳಿದವಳೇ ನೆಲದ ಮೇಲೆ ಕೂತು, ಬೆಳಗ್ಗೆಯಿಂದ ಮೊದಲ ಸಲ, ಯಾರನ್ನೂ ಬೈಯದೆ ಅತ್ತಳು.